ಒಂದು ಕೇಜಿ

ಕಲಾಸಿಪಾಳ್ಯದ ತರಕಾರಿ ಸಾಲಲ್ಲಿ
ಅವಳಮ್ಮನ ತಕ್ಕಡಿಗೆ ಇದ್ದದ್ದು ಒಂದೇ ಕೇಜಿ ಬಟ್ಟು.
ಅಂಚು ಸವೆದದ್ದು, ಸರ್ಕಾರದ ಮುದ್ರೆ ಬಿದ್ದದ್ದು,
ತಳದ ತೂತಿಗೆ ಸೀಸ ತುಂಬಿದ್ದು.
ಅದನ್ನೇ ಎತ್ತಿ ಬೀಸಿದಳಂತೆ ಮುನಿಯಲ್ಲಮ್ಮ
ಹನ್ನೆರಡನೇ ವಯಸ್ಸಿಗೆ,
ನುಗ್ಗೇಕಾಯಿ ಕಟ್ಟು ಎಗರಿಸಿ ಓಡಿದವನ ಹಿಂದೆ.
ತಾಗಲಿಲ್ಲ, ಅವನ ಪುಣ್ಯ.
ಅಂಗಡಿಗಳ ತಲೆ ಮೇಲೆ ಹಾದು
ನಿಂತ ಲಾರಿಯ ಟಾರ್ಪಾಲಿಗೆ ಬಡಿದು ಬಿತ್ತು.
ಆ ನೆರಳಲ್ಲಿ ಟೀ ಕುಡಿಯುತ್ತಿದ್ದ
ಕಾರ್ಪೊರೇಷನ್ ಶಾಲೆಯ ಪೀಟಿ ಮೇಷ್ಟ್ರು ಇಗ್ನೇಷಿಯಸ್
ಲೋಟ ಕೆಳಗಿಟ್ಟರು.

ಇದೆಲ್ಲ ಕೇಳಿದ್ದು. ನೋಡಿದ್ದು ಮುಂದಿನದು.

ನಾನು ಕಂಠೀರವದಲ್ಲಿ ಸುಣ್ಣದ ಗೆರೆ ಎಳೆಯುವವನು.
ಡಿಸ್ಕಸ್ ಬಿದ್ದಲ್ಲಿ ಮೊಳೆ ಊರಿ, ಟೇಪು ಹಿಡಿದು,
ಮಣ್ಣೊರೆಸಿ ವಾಪಸು ತಂದುಕೊಡುವವನು.
ಹಾಗಾಗಿ
ಅವಳು ಎಸೆದದ್ದನ್ನೆಲ್ಲ ನಾನು ನಡೆದಿದ್ದೇನೆ.
ಇಪ್ಪತ್ತೆಂಟು ಮೀಟರು, ಬರಿಗಾಲಲ್ಲಿ ಬಂದ ವರ್ಷ.
ಮೂವತ್ತೊಂಬತ್ತು, ಗಡಿಯಾರದ ಕಾರ್ಖಾನೆ ಕೆಲಸ ಕೊಟ್ಟ ವರ್ಷ.
(ಬೆಳಿಗ್ಗೆಯೆಲ್ಲ ಮುಳ್ಳು ಕೂರಿಸುವುದು,
ಅಕ್ಕಿಕಾಳಿಗಿಂತ ಹಗುರ. ಸಂಜೆ ಇದು.)
ನಲವತ್ತಾರು, ಹೆತ್ತು ಹತ್ತು ತಿಂಗಳಿಗೆ.
ಕೂಸು ನನ್ನ ಸುಣ್ಣದ ಮೂಟೆಗೆ ಒರಗಿ ಮಲಗಿತ್ತು,
ಎದ್ದಾಗ ಕೆನ್ನೆಯೆಲ್ಲ ಬಿಳಿ.

ಓಟದವರು ಬೆನ್ನಿಗೆ ಗಾಳಿ ಬೇಡುತ್ತಾರೆ.
ಅವಳು ಹುಲ್ಲೆಸಳು ಕಿತ್ತು ಹಾರಿಬಿಟ್ಟು
ಮುಖಕ್ಕೇ ಬಂದು ಬಡಿದರೆ ನಗುತ್ತಿದ್ದಳು.
"ಎದುರುಗಾಳಿ ಬೇಕು ಕಣಣ್ಣ, ಅದ್ರ ಮೇಲೇ ಅದು ಕೂರೋದು."
ಆಮೇಲೆ ಬಲೆಯೊಳಗೆ ಒಂದೂವರೆ ಸುತ್ತು:
ಮೊದಲು ಪಾದ, ಸೊಂಟ, ಎಲ್ಲಕ್ಕೂ ಕಡೆಗೆ ಕೈ,
ಜೊತೆಗೊಂದು ಉಸಿರು,
ತಲೆಮೇಲಿನ ಕುಕ್ಕೆ ಇಳಿಸುವಾಗ ಅವಳಮ್ಮ ಬಿಡುತ್ತಿದ್ದಂಥದೇ.
ಕಸ್ತೂರಬಾ ರಸ್ತೆಯ ಹಾರನ್ನುಗಳ ಮೇಲೆ
ಸ್ವಲ್ಪ ಹೊತ್ತು
ಅದು ಯಾರದ್ದೂ ಆಗಿರುತ್ತಿರಲಿಲ್ಲ.

ಐವತ್ತೊಂದು ಎಂಬತ್ತನಾಲ್ಕು.
ಆ ಸಂಜೆ ಎರಡು ಸಲ ಅಳೆದರು,
ಮೂರನೇ ಸಲ ಟೇಪನ್ನೇ ಅಳೆದರು.
ಮೈಕಿನವನು ದಾಖಲೆ ಅಂದ. ಮುನಿಯಮ್ಮ ಅಂದ.
ಬೆವರು ಒರೆಸಿಕೊಳ್ಳದೆ ಅಷ್ಟು ದೂರ ಹೋಗಿ
ಹೆಸರು ಸರಿ ಮಾಡಿಸಿ ಬಂದಳು.

ಹೊರದೇಶಕ್ಕೆ ಒಂದೇ ಸಲ ಹೋದದ್ದು.
ಮೂರಕ್ಕೆ ಮೂರೂ ಕೆಂಪು ಬಾವುಟ.
ಅಲ್ಲಿನ ಸಿಮೆಂಟು ನುಣುಪಂತೆ.
ನಮ್ಮ ವೃತ್ತ ಒರಟು, ನಾನು ಎಷ್ಟು ಗುಡಿಸಿದರೂ.
ಬಂದ ಮೇಲೆ ನಾನೇನೂ ಕೇಳಲಿಲ್ಲ.
ಅಂಚಿನ ಕಬ್ಬಿಣಕ್ಕೆ ಬಣ್ಣ ಹಚ್ಚುತ್ತಿದ್ದೆ.
ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು
ಇನ್ನೊಂದು ಕುಂಚ ತಗೊಂಡಳು.
ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ.

ಈಗ ಕಾರ್ಖಾನೆಗೆ ಬೀಗ.
ಅವಳ ಭುಜದೊಳಗೆ ಸ್ಟೀಲಿನ ಮೊಳೆ,
ಜಡೆ ಹೆಣೆಯಲು ಮಗಳು ಬರಬೇಕು.
ಮೊನ್ನೆ ಮಾರ್ಕೆಟ್ಟಿನಲ್ಲಿ ಸಿಕ್ಕಳು.
ಹುಡುಗ ಮಿಷನ್ನಿನ ಮೇಲೆ ಬದನೆಕಾಯಿ ಇಟ್ಟ,
ಕೆಂಪಗೆ ಒಂದು, ಸೊನ್ನೆ ಸೊನ್ನೆ ಸೊನ್ನೆ.
ಚೀಲ ಎಡಗೈಯಿಂದ ಬಲಗೈಗೆ ಬಂತು,
ಒಮ್ಮೆ, ಸಣ್ಣಗೆ, ತೂಗಿತು.
"ಅರವತ್ತು ಗ್ರಾಂ ಕಮ್ಮಿ ಐತೆ. ಹಾಕಪ್ಪ."
ಅವನು ಮಿಷನ್ನು ತೋರಿಸಿದ.
ಅವಳು ಅದರ ಕಡೆ ನೋಡಲೇ ಇಲ್ಲ.
ಹುಡುಗ ಸುಮ್ಮನೆ ಇನ್ನೊಂದು ಬದನೆಕಾಯಿ ಹಾಕಿದ.

ಹೊರಟಳು. ನನಗೆ ಹಳೇ ಚಾಳಿ,
ಹೆಜ್ಜೆಯಲ್ಲೇ ಅಳೆಯುತ್ತ ಹಿಂದೆ ನಡೆದೆ.
ನಲವತ್ತರ ಸುಮಾರಿಗೆ
ಅವಳಿಗೆ ಆಟೋ ಸಿಕ್ಕಿತು.