ಪಂಪು ನಿಂತ ಎರಡು ತಾಸು

ಮೂರನೇ ಸಲವೂ ಬಿಳಿ.
ಮೊನ್ನೆ ಸಂಜೆ ಕುಡಿಕೆಯ ಮೈಗೆ ಒತ್ತಾಗಿ ಅಂಟಿದ
ಕಿತ್ತಳೆ ಬಣ್ಣದ ಸಾಸಿವೆ,
ಇವತ್ತು ತಣಿದ ಅನ್ನದ ಅಗುಳು.
ಗಂಡು ಮೀನು ಒಂದೊಂದನ್ನೇ ಕಿತ್ತು ನುಂಗುತ್ತಿದೆ
ಉಂಡವರ ತಟ್ಟೆ ಎತ್ತುವವನ ಹಾಗೆ,
ಮುಖದಲ್ಲಿ ಏನೂ ಇಲ್ಲ.

ಮುಹರಕ್ಕಿನ ಮೂರನೇ ಮಹಡಿ. ಮೂರು ಮಂಚ, ಒಂದು ಫ್ರಿಜ್ಜು,
ಫ್ರಿಜ್ಜಿನ ಪಕ್ಕ ಎಂಬತ್ತು ಲೀಟರು ಕಡಲು,
ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು.
ಗಂಗೊಳ್ಳಿಯ ಖಾರ್ವಿ ನಾನು.
ನಮ್ಮಲ್ಲಿ ಗಾಬೋಳಿ ಎಂದರೆ ಉಪ್ಪು ಖಾರ ಸವರಿ
ಕಾವಲಿಗೆ ಹಾಕುವುದು.
ಇದು ಫಲವಾಗಿತ್ತೇ ಎಂದು ಯಾರೂ ಕೇಳಿದ್ದಿಲ್ಲ.
ಆಯಿ ಫೋನಿನಲ್ಲಿ ಕೇಳಿದಳು:
"ಅಷ್ಟು ಸಣ್ಣದನ್ನು ಸಾಕುವುದೇ? ಮುಳ್ಳು ಬಿಟ್ಟರೆ ಏನುಂಟು ಅದರಲ್ಲಿ?"

ಮೊದಲ ತೀರ್ಪು ಜುಬೇರ್ ದಾಮುದಿಯದು,
ಅತ್ತರಿನ ಅಂಗಡಿಯವನು:
"ಎರಡೂ ಹೆಣ್ಣೇ ಇರಬೇಕು ಮಾರಾಯ."
ನಗಬೇಡಿ, ಹಾಗೂ ಆಗುವುದುಂಟು.
ಈ ಜಾತಿಯಲ್ಲಿ ಮೊದಲು ಎಲ್ಲವೂ ಗಂಡು;
ದೊಡ್ಡದಾಗಿ ಯಜಮಾನಿಕೆ ಹಿಡಿದದ್ದು ಹೆಣ್ಣಾಗುತ್ತದೆ,
ಆದ ಮೇಲೆ ವಾಪಸಿಲ್ಲ.
ಎರಡು ಸಂಜೆ ಕಾದು ನೋಡಿದೆ.
ದೊಡ್ಡದು ಹತ್ತಿರ ಬಂದರೆ ಚಿಕ್ಕದು ಓರೆಯಾಗಿ
ಮೈ ನಡುಗಿಸಿ ನಿಲ್ಲುತ್ತದೆ.
ಗಂಡೇ. ಸಂಶಯವಿಲ್ಲ.

ಉಪ್ಪು ಅಳೆದೆ. ಇಲ್ಲಿನ ಕಡಲು ನಮ್ಮದಕ್ಕಿಂತ ಬಿರುಸು,
ದಡದಿಂದ ತಂದ ಕ್ಯಾನಿಗೆ ಸಿಹಿನೀರು ಬೆರೆಸಿ ಇಳಿಸಿದೆ.
ಏಸಿ ಕೆಟ್ಟ ಆಗಸ್ಟಿನ ರಾತ್ರಿ ನೀರು ಮೂವತ್ತೊಂದಕ್ಕೆ ಏರಿದಾಗ
ಐಸಿನ ಬಾಟಲಿ ತೇಲಿಬಿಟ್ಟು ಬೆಳಗಿನ ತನಕ ಕೂತೆ.
ಒಣ ಗುಳಿಗೆ ಬಿಟ್ಟು ಹಸಿ ಸಿಗಡಿ ಕೊಚ್ಚಿ ಹಾಕಿದೆ
(ಅಂಥ ಸಿಗಡಿ ನನಗೆಂದು ನಾನು ಕೊಂಡವನಲ್ಲ).
ಸಿಲ್ವೆಸ್ಟರ್ ಬೇಕರಿಯಿಂದ ಬಂದು, ಹುಬ್ಬಿನಲ್ಲಿ ಮೈದಾ,
"ಎಳೆಯ ಗಂಡು, ಕಲಿಯಲಿ ಬಿಡು" ಎಂದ.
"ನಾನು ಮೊದಲ ವರ್ಷ ಮಾಡಿದ ಬ್ರೆಡ್ಡು ನೆನಪಿಲ್ಲವಾ?"
ನೆನಪಿದೆ.

ನಾಲ್ಕನೆಯ ಸಲ ರಜೆ ಇತ್ತು. ಶುಕ್ರವಾರ, ಅಸರಿನ ಬಾಂಗಿನ ಹೊತ್ತು.
ಬಕೀಟು ಬೋರಲು ಹಾಕಿ ಕೂತೆ.
ಹೆಣ್ಣು ಹೊಟ್ಟೆಯನ್ನು ಕುಡಿಕೆಗೆ ಉಜ್ಜುತ್ತ
ಒಂದೊಂದೇ ಸಾಲು ಇಡುತ್ತ ಹೋಯಿತು.
ಹಿಂದೆಯೇ ಗಂಡು, ಅದೇ ದಾರಿಯಲ್ಲಿ.
ಅದರ ಹೊಟ್ಟೆಯಡಿ ಅಕ್ಕಿ ತೊಳೆದ ನೀರಿನಂಥದ್ದೊಂದು ಎಳೆ
ಕಂಡಿತೋ, ಕಂಡಂತಾಯಿತೋ,
ಕುಡಿಕೆ ಮುಟ್ಟುವ ಮೊದಲೇ ಸರ್ರನೆ ಓರೆಯಾಗಿ
ಫಿಲ್ಟರಿನ ಬಾಯಿಗೆ ಹೋಯಿತು.

ಮೊಟ್ಟೆಗೆ ಹೊಸ ನೀರು ಆಡಲಿ ಎಂದು
ಪಂಪಿನ ಮೂತಿಯನ್ನು ಕುಡಿಕೆಗೇ ತಿರುಗಿಸಿಟ್ಟವನು ನಾನು.
ಹನ್ನೆರಡು ವರ್ಷದಿಂದ ಪಂಪು ಮೆಕ್ಯಾನಿಕ್.
ಊರವರ ತಾರಸಿಯ ಮೇಲೆ ನಿಂತುಹೋದದ್ದನ್ನು
ಓಡಿಸುವುದಕ್ಕೆ ಸಂಬಳ ನನಗೆ;
ಓಡುವುದನ್ನು ನಿಲ್ಲಿಸಿಕೊಡು ಎಂದು
ಇಲ್ಲಿಯವರೆಗೆ ಒಬ್ಬನೂ ಕರೆದಿಲ್ಲ.

ಪ್ಲಗ್ಗು ಕಿತ್ತೆ.

ಈ ಕೋಣೆಗೆ ಇಷ್ಟು ಸದ್ದಿತ್ತೆಂದು ಆಗ ತಿಳಿಯಿತು.
ಬಾಗಿಲಾಚೆ ಜುಬೇರ್ ಹೆಂಡತಿಯೊಡನೆ ಮಾತಾಡುತ್ತಿದ್ದವನು
ತನ್ನ ದನಿ ತನಗೇ ಕೇಳಿ
ತಟ್ಟನೆ ತಗ್ಗಿಸಿದ.
ನೀರು ಗಾಜಿನಂತೆ ನಿಂತಿತ್ತು.
ಗಂಡು ಹೋಗಿ ಬಂದು, ಹೋಗಿ ಬಂದು,
ಎರಡು ತಾಸು.
ಆಮೇಲೆ ಪಂಪು ಹಾಕಿದೆ, ಮೂತಿ ಗೋಡೆಗೆ.

ಮೂರನೇ ದಿನ ಮೇಲಂಚಿನ ಹತ್ತಿಪ್ಪತ್ತು ಬಿಳುಚಿದವು,
ಗಂಡು ಬಂದು ತಿಂದು, ಉಳಿದವಕ್ಕೆ ರೆಕ್ಕೆ ಬೀಸಿತು.
ಆರನೇ ದಿನ ಸಿಲ್ವೆಸ್ಟರ್ ಕನ್ನಡಕ ಹುಡುಕಿ ತಂದು ಬಗ್ಗಿದ:
ಬೆಳ್ಳಿಯ ಚುಕ್ಕಿ, ಜೋಡಿ ಜೋಡಿ.
"ಇವು ನಮ್ಮನ್ನು ನೋಡುತ್ತಿವೆ" ಎಂದು ಹಿಂದೆ ಸರಿದ.

ಎಂಟನೇ ರಾತ್ರಿ. ಬೆಳಕಿದ್ದರೆ ಒಡೆಯುವುದಿಲ್ಲವಂತೆ.
ಕಿಟಕಿಗೆ ಲುಂಗಿ ಕಟ್ಟಿದೆವು,
ಫ್ರಿಜ್ಜಿನ ಬಾಗಿಲು ತೆರೆಯಬಾರದೆಂದು
ಜುಬೇರ್ ಬೆನ್ನು ಕೊಟ್ಟು ಕೂತ.
ಎರಡು ಗಂಟೆಗೆ ಸಿಲ್ವೆಸ್ಟರನ ಪಾಳಿ;
ಕತ್ತಲಲ್ಲೇ ತಡಕಿ ಷೂ ಹಾಕಿಕೊಂಡು
ಮೆಟ್ಟಿಲಿಳಿದು ಹೋದ.
ಬೆಳಿಗ್ಗೆ ನೋಡಿದರೆ ಒಂದು ಅವನದು,
ಇನ್ನೊಂದು ನನ್ನದು.