ಮಸಿ ತಾಗದ ಜಾಗ

ಭಾನುವಾರದ ಪಾಠದಲ್ಲಿ ಕೃಪಾವತಿ ಎದ್ದು ನಿಂತಳು.
ಯೆರಿಕೋ ಆಗಲೇ ಬಿದ್ದಿತ್ತು.
ಏಳನೆಯ ದಿನ, ಏಳು ಸುತ್ತು, ಕೊಂಬಿನ ಸದ್ದು,
ಹುಡುಗರು ಬೆಂಚು ಗುದ್ದಿ ಗೋಡೆ ಕೆಡವಿಯೂ ಆಗಿತ್ತು.
“ಟೀಚರ್, ನಮ್ಮ ದುರ್ಗಕ್ಕೂ ಏಳು ಸುತ್ತು ಐತಲ್ಲ,
ಅದ್ಯಾಕೆ ಊದಿದ್ರೆ ಬೀಳಲ್ಲ?
ಇದು ನಡೆದಿದ್ದಾ, ಬರೀ ಹೇಳಿದ್ದಾ?”

ಹಿಂದಿನ ಸಾಲಲ್ಲಿ ಸಭೆಯ ಹಿರಿಯರು ಕೆಮ್ಮಿದರು.
ಇನ್ನೂ ಹತ್ತು ನಿಮಿಷವಿತ್ತು. ನಾನು ಗಂಟೆ ಹೊಡೆದುಬಿಟ್ಟೆ.

ಆ ಹತ್ತು ನಿಮಿಷದ ಸಾಲ ನಿನಗೆ ತೀರಿಸಬೇಕು, ಕೃಪಾ.
ಇರುವ ಗಂಟು ನನ್ನದಲ್ಲ, ನಮ್ಮಪ್ಪನದು:
ಯೆಹೆಜ್ಕೇಲಪ್ಪ, ಶಾಸನದ ಪಡಿಯಚ್ಚು ತೆಗೆಯುವ ಆಳು,
ಓದಿದ್ದು ನಾಲ್ಕನೇ ಕ್ಲಾಸು.
ಮೊಳಕಾಲ್ಮೂರಿನಾಚೆ ಸಿದ್ದಾಪುರದ ಬಯಲಿಗೆ
ರಜೆಯಲ್ಲಿ ನೀರಿನ ಡಬ್ಬ ಹೊತ್ತು ನಾನೂ ಹೋಗುತ್ತಿದ್ದೆ.
ಅಲ್ಲಿ ಅಕ್ಷರದ ಗುಂಡು.
ಯಾರು ಬರೆಸಿದ್ದೆಂಬುದನ್ನೂ ಮರೆತ ಊರು
ಶತಮಾನಗಟ್ಟಲೆ ಆ ಬಂಡೆ ತೊಳೆದ ನೀರನ್ನು
ಕಾಯಿಲೆ ದನಗಳಿಗೆ ಕುಡಿಸಿತ್ತಂತೆ.
“ಓದೋಕೆ ಬರ್ದಿದ್ರೆ ಕುಡೀತಾರೆ,
ಓದೋಕೆ ಬಂದವ್ರು ಕುಡಿಯೋದು ಬಿಡ್ತಾರೆ.
ಎರಡೂ ನಷ್ಟವೇ” ಅಂದಿದ್ದ ಅಪ್ಪ, ಬೀಡಿ ಆರಿಸಿ.

ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿಯುತ್ತಿದ್ದ,
ಮೊದಲು ಮಗುವಿನ ಬೆನ್ನು ತಟ್ಟಿದ ಹಾಗೆ,
ಆಮೇಲೆ ತೆನೆ ಬಡಿದ ಹಾಗೆ.
ಕಾಗದ ಹೋಗಿ ಕಲ್ಲಿನ ಗಾಯದೊಳಗೆ ಕೂರುತ್ತಿತ್ತು.
ಮೇಲೆ ಮಸಿಯ ಉಂಡೆ ಒತ್ತಿದರೆ
ಬಂಡೆಯೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ.
ಬರೆದದ್ದೇ ಕಪ್ಪಾಗಬೇಕೆಂದು ನಾನು ಹಠ ಹಿಡಿದಿದ್ದೆ.
“ಮಸಿ ತಾಗದ ಜಾಗಾನೇ ಕಣವ್ವ ಅಕ್ಷರ.”
ಕಲ್ಲಿನ ಬಿರುಕೂ ಬಿಳಿಯೇ ಬರುತ್ತದೆ,
ಅದು ಬೇರೆ ಪಾಠ.

ಇಬ್ರಿಯರ ಗ್ರಂಥವನ್ನು ನಾನು ಈಗ ಹಾಗೇ ಓದುತ್ತೇನೆ.
ಯೆರಿಕೋ ದಿಬ್ಬ ಅಗೆದವರು ಹೇಳುತ್ತಾರೆ:
ಯೆಹೋಶುವನ ಕಾಲವೆನ್ನುವ ಮಣ್ಣಿನ ಪದರದಲ್ಲಿ
ಬೀಳುವುದಕ್ಕೆ ಗೋಡೆಯೇ ಸಿಗಲಿಲ್ಲ.
ಹಾಗಂತ ಕಲ್ಲನ್ನೇ ನಂಬೋಣವೆ?
ಐಗುಪ್ತದ ಫರೋಹನೊಬ್ಬನ ಕಲ್ಲು
ಇಸ್ರಾಯೇಲನ್ನು ಮೊಟ್ಟಮೊದಲು ಹೆಸರಿಸುವುದೇ
ಅದರ ಬೀಜವೂ ಉಳಿದಿಲ್ಲ ಎನ್ನುವುದಕ್ಕೆ.
ಕಲ್ಲೂ ಸುಳ್ಳು ಹೇಳುತ್ತದೆ, ಅದೂ ಉಳಿ ಸುತ್ತಿಗೆ ಹಿಡಿದು.

ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ
ಕೂಡಿಹಾಕಿದೆನೆಂದು ಅಶ್ಶೂರದ ಅರಸ ಕೊರೆಸಿದ.
ಊರು ಹಿಡಿದೆನೆಂದು ಮಾತ್ರ ಎಲ್ಲೂ ಇಲ್ಲ.
ಗ್ರಂಥದ ಲೆಕ್ಕದಲ್ಲಿ ದೇವದೂತ ಬಂದ,
ಒಂದೇ ರಾತ್ರಿಗೆ ದಂಡೆಲ್ಲ ಹೆಣವಾಯಿತು.
ಎರಡು ಹಾಳೆಯನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿ:
ಇಬ್ಬರ ಮಸಿಯೂ ತಾಗದ ಕಡೆ
ಒಂದು ಊರು, ಬಾಗಿಲು ಹಾಕಿಕೊಂಡು,
ಹಸಿದುಕೊಂಡು, ಇನ್ನೂ ಇದೆ.

ಗೆದ್ದವರ ಶಾಸನ ಅಪ್ಪ ನೂರಾರು ತೆಗೆದಿದ್ದ.
ಅವನು ಕೈಮುಗಿಯುತ್ತಿದ್ದದ್ದು ಹೊಲದ ಬದುವಿನ ವೀರಗಲ್ಲಿಗೆ,
ತುರು ಬಿಡಿಸಲು ಹೋಗಿ ಸತ್ತವನಿಗೆ
ದನವೂ ಇಲ್ಲದ, ಮಗನೂ ಇಲ್ಲದ ಊರು ನಿಲ್ಲಿಸಿದ್ದು.
ಗುಡಿ ಸುಟ್ಟದ್ದನ್ನು, ಅರಸನ ಕಣ್ಣು ಕಿತ್ತದ್ದನ್ನು,
ತಪ್ಪು ನಮ್ಮದೇ ಎಂಬುದನ್ನೂ ಬರೆದಿಟ್ಟುಕೊಂಡು
ಬಾಬೆಲಿನ ಕಾಲುವೆ ದಡದಲ್ಲಿ ಕೂತವರದು
ಅಂಥ ಕಲ್ಲು, ಕೃಪಾ.
ಯೆರಿಕೋ ಗೋಡೆಯನ್ನು ಅವರು
ಅಲ್ಲಿ ಕೂತು ಕೆಡವಿರಬಹುದು,
ತಮ್ಮದು ಬಿದ್ದ ಮೇಲೆ.

ನಡೆದದ್ದಾ ಅಂದೆಯಲ್ಲ. ಅಳು ನಡೆದದ್ದು.
ಹಿರಿಯರಿಗೆ ಇದನ್ನು ಹೇಗೆ ಹೇಳಲಿ, ತಿಳಿಯದು.

ಆ ಗುಂಡಿನ ಕೊನೆಯ ಸಾಲು ಒಂದಿದೆ.
ಲಿಪಿಕಾರ ಎಲ್ಲವನ್ನೂ ಎಡದಿಂದ ಬಲಕ್ಕೆ ಬರೆದು
ತನ್ನ ಕಸುಬಿನ ಹೆಸರನ್ನು ಮಾತ್ರ
ಯಾವುದೋ ವಾಯವ್ಯದ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೊರೆದ.
ಇಬ್ರಿಯ ಅಕ್ಷರಕ್ಕೆ ದೂರದ ದಾಯಾದಿ ಅದು.
ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ.
ಬೆರಳಾಡಿಸಿ, “ಇಲ್ಲಿ ಉಳಿ ಎದುರಿಂದ ಬಂದೈತೆ” ಎಂದು
ಬ್ರಷ್ಷನ್ನು ಎಡಗೈಗೆ ಬದಲಿಸಿದ.