ಉಲ್ಲನ್ನಿನ ಮೊಲೆ

ನನ್ನ ಚೀಲದಲ್ಲೊಂದು ಉಲ್ಲನ್ನಿನ ಮೊಲೆಯಿದೆ.
ಒಮ್ಮೆ ಬಸ್ಸಿನಲ್ಲಿ ಜಾರಿ ಸೀಟಿನಡಿಗೆ ಉರುಳಿತು.
ಮುದುಕನೊಬ್ಬ ಕೂಸಿನ ಟೋಪಿಯೆಂದುಕೊಂಡು
ಧೂಳು ಕೊಡವಿ ಕೊಟ್ಟ.
"ಮೊಮ್ಮಗುವಿಗಾ?" ಎಂದ. ಹೌದೆಂದೆ.

ಊರಿನ ಹೆಸರು ಹಲ್.
ನನಗೆ ಕೆಲಸ ಹಲ್ಲಿಲ್ಲದವರ ಜೊತೆ.
ಚೀಲದಲ್ಲಿ ಇನ್ನೂ ಇವೆ: ಗೋಲಿ, ಅಕ್ರೋಟು, ಒಂದು ಮರದ ಮೊಟ್ಟೆ.
ಮೊದಲ ದಿನದ ಹೊಟ್ಟೆ ಗೋಲಿಯಷ್ಟು,
ಮೂರನೆಯ ದಿನ ಅಕ್ರೋಟಿನಷ್ಟು, ಆಮೇಲೆ ಮೊಟ್ಟೆ.
ಎಂಟು ವಾರದ ತರಬೇತಿ, ಕೊರಳಿಗೊಂದು ಬಿಲ್ಲೆ,
ಲಿಫ್ಟು ಕೆಟ್ಟ ದಿನ ಏಳು ಮಹಡಿಯ ಏದುಸಿರು,
ಇಷ್ಟೇ ನನ್ನ ವಿದ್ಯೆ.

ಡೆಮಿ ಎರಡು ದಿನದ ಬಾಣಂತಿ.
ಬಾಣಂತಿ ಎಂಬ ಮಾತು ಅವಳ ಭಾಷೆಯಲ್ಲಿಲ್ಲ,
ಅದಕ್ಕೇ ಇರಬೇಕು, ಅವಳ ಕಿವಿಗೆ ಯಾರೂ ಬಟ್ಟೆ ಕಟ್ಟಿಲ್ಲ,
ಏಳಬೇಡ, ಕೂತಿರು ಎಂದಿಲ್ಲ.
ಕರೆಂಟಿನ ಮೀಟರಿನಲ್ಲಿ ಎರಡು ಪೌಂಡು ಉಳಿದಿತ್ತು.
"ಹಾಲೇ ಇಲ್ಲ. ಬರೀ ಹಳದಿ ನೀರು," ಎಂದಳು.
ಅವಳಮ್ಮ ಲೊರೇನ್ ಅಡುಗೆಮನೆಯಿಂದಲೇ,
"ನಾವೆಲ್ಲ ಬಾಟಲಿಯಲ್ಲೇ ಬೆಳೆದವರು. ಯಾರಿಗೇನಾಗಿದೆ?"

ಇದಕ್ಕೊಂದು ಉತ್ತರ ಕಲಿಸಿದ್ದಾರೆ. ನಾಲಿಗೆಗೆ ಬರಲಿಲ್ಲ.
ಬಂದದ್ದು ಗಿಣ್ಣು.

ದಾವಣಗೆರೆಯಲ್ಲಿ ನಾನು ಹೆತ್ತ ಮರುದಿನ
ಪಕ್ಕದ ಮನೆಯ ಎಮ್ಮೆಯೂ ಈದಿತ್ತು.
ತಂಬಿಗೆ ತುಂಬ ಗಿಣ್ಣುಹಾಲು ಬಂತು.
ಬೆಲ್ಲ ಹಾಕಿ, ಏಲಕ್ಕಿ ಜಜ್ಜಿ, ಹಬೆಯಲ್ಲಿ ಬೇಯಿಸಿ
ಮನೆಮಂದಿ ಬಟ್ಟಲು ನೆಕ್ಕಿದರು. ನಾನೂ.
ಅದೇ ಸಂಜೆ ಸೋದರತ್ತೆ
ನನ್ನೆದೆಯ ಹಳದಿ ಹನಿಗಳನ್ನು ಹಿಂಡಿ ಹಿಂಡಿ
ಕರಿಬೇವಿನ ಬುಡಕ್ಕೆ ಚೆಲ್ಲಿದಳು,
"ಕೆಟ್ಟ ಹಾಲು, ಕೂಸಿಗೆ ದಕ್ಕೋದಿಲ್ಲ."
ಮಗ ಮೂರು ದಿನ ಸಕ್ಕರೆ ನೀರು ಚೀಪಿದ.
ಎಮ್ಮೆಯದು ಗಿಣ್ಣು.
ನನ್ನದಕ್ಕೆ ಹೆಸರೂ ಇರಲಿಲ್ಲ.

ತರಬೇತಿಯಲ್ಲೂ ಹೇಳದ ಇದನ್ನು
ನನ್ನ ಮುರುಕು ಇಂಗ್ಲಿಷಿನಲ್ಲಿ ಅಲ್ಲಿ ಹೇಳಿದೆ.
ಗಿಣ್ಣಿಗೆ ಮಾತು ಸಿಗದೆ ಎಮ್ಮೆಯ ಪುಡಿಂಗು ಅಂದೆ.
ಡೆಮಿ ನಕ್ಕಳು, ಹೊಲಿಗೆ ನೋಯಿತು, ಮತ್ತೆ ನಕ್ಕಳು.

ಕೆಟಲು ಕುದಿದು ಸುಮ್ಮನಾಯಿತು.
ಲೊರೇನ್ ಬಾಗಿಲಿಗೆ ಬಂದು ನಿಂತಳು, ಕೈಯೊರೆಸುತ್ತ.
"ಎಂಬತ್ತೊಂಬತ್ತರಲ್ಲಿ, ಇವಳಣ್ಣ ಹುಟ್ಟಿದಾಗ, ನನಗೂ ಬಂದಿತ್ತು.
ಮೂರನೆಯ ವಾರಕ್ಕೇ ಮೀನು ಪ್ಯಾಕಿಂಗಿನ ಪಾಳಿ.
ಟವೆಲು ಬಿಗಿದು ಕಟ್ಟಿಕೊಂಡು ಹೋದೆ.
ರೇಡಿಯೋದಲ್ಲಿ ಯಾವುದೋ ಕೂಸು ಅತ್ತರೆ ಸಾಕು,
ಏಪ್ರನ್ನು ತೊಯ್ದುಹೋಗೋದು.
ಐಸಿನ ನೀರು, ಅಂತಿದ್ದೆ."
ಮಗಳು ಅಮ್ಮನನ್ನು ನೋಡಿದಳು,
ಈಗಷ್ಟೇ ಪರಿಚಯವಾದವರನ್ನು ನೋಡುವ ಹಾಗೆ.

ಕೂಸು ಬಾಯಿ ತೆರೆಯಿತು, ಗುರಿ ತಪ್ಪಿತು,
ಗಲ್ಲ ಒರೆಸಿ ಹುಡುಕಿ ಹಿಡಿಯಿತು,
ಎರಡು ನಿಮಿಷ ಚೀಪಿ ನಿದ್ದೆಹೋಯಿತು.
ಗೋಲಿಯಷ್ಟು ಹೊಟ್ಟೆ ತಾನೇ.
ಕಿಟಕಿಯ ಬಳಿ ಬಾಟಲಿಯೂ ತೊಳೆದಿಟ್ಟಿತ್ತು.
ಇರಲಿ. ರಾತ್ರಿ ದೊಡ್ಡದು.

ಹೊರಡುವಾಗ ಉಲ್ಲನ್ನಿನ ಮೊಲೆ ಚೀಲದಲ್ಲಿರಲಿಲ್ಲ.
ಲೊರೇನಳ ಕೈಯಲ್ಲಿತ್ತು. ತಿರುವಿ ತಿರುವಿ ನೋಡುತ್ತಿದ್ದಳು.
"ಇಲ್ಲೊಂದು ಕುಣಿಕೆ ಬಿಟ್ಟಿದೆ. ಯಾರು ಹೆಣೆದದ್ದು ಇದನ್ನ?"
ಸೋಫಾದಡಿಯಿಂದ ಬಿಸ್ಕತ್ತಿನ ಡಬ್ಬಿ ಎಳೆದು ಸೂಜಿ ಹುಡುಕಿದಳು.
"ಮಂಗಳವಾರ ಬಾ. ಸರಿಮಾಡಿ ಇಟ್ಟಿರ್ತೀನಿ."
ಮೆಟ್ಟಿಲಿಗೆ ಇಳಿದಿದ್ದೆ, ಮೇಲಿನಿಂದ ಕೂಗಿದಳು,
"ಕಂದು ಉಲ್ಲನ್ನೂ ಇದೆ ನನ್ನ ಹತ್ತಿರ.
ನಿನ್ನ ಬಣ್ಣದ್ದೊಂದು ಹೆಣೀಲಾ?"